ಇದು ಹೂಳೆತ್ತುವುದಲ್ಲ, ಕಡಲಿನ ತಳ ಬಗೆಯುವುದು!

ತುಮಕೂರಿನ ಗೆಳೆಯರೇ,

ನೀವು ದಿನಾ ಓಡಾಡುವ ಬಿ.ಎಚ್. ರೋಡಿನ ‘ಎಚ್’ ಅಂದರೆ ಏನು ಅಂತ ಯಾವತ್ತಾದರೂ ಕೇಳಿಕೊಂಡಿದ್ದೀರಾ? ಟೌನ್‌ಹಾಲ್ ಸರ್ಕಲ್‌ನಲ್ಲಿ ನಿಂತು ನಾಲ್ಕು ಜನ ಹುಡುಗರನ್ನು ಕೇಳಿ ನೋಡಿ. ಒಬ್ಬ ಹಾಸನ ಅನ್ನುತ್ತಾನೆ, ಇನ್ನೊಬ್ಬ ಹೈವೇ ಅನ್ನುತ್ತಾನೆ. ಎರಡೂ ಅಲ್ಲ. ಅದು ಬೆಂಗಳೂರು-ಹೊನ್ನಾವರ ರಸ್ತೆ. ನಿನ್ನೆ ಮೊನ್ನೆಯವರೆಗೂ 206ನೇ ರಾಷ್ಟ್ರೀಯ ಹೆದ್ದಾರಿ ಅನ್ನಿಸಿಕೊಂಡಿದ್ದ ರಸ್ತೆ ನಿಮ್ಮೂರಲ್ಲೇ ಹುಟ್ಟಿ, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿ, ಜೋಗದ ಪಕ್ಕದಲ್ಲೇ ಘಟ್ಟ ಇಳಿದು, ಸುಮಾರು 360 ಕಿಲೋಮೀಟರ್ ಆಚೆ ಹೊನ್ನಾವರದಲ್ಲಿ ಕಡಲು ಮುಟ್ಟುತ್ತಿತ್ತು. ಈಗ ನಂಬರುಗಳು ಬದಲಾಗಿವೆ, ರಸ್ತೆಯನ್ನು ತುಂಡು ಮಾಡಿ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಆದರೆ ನಿಮ್ಮ ಅಂಗಡಿ ಬೋರ್ಡುಗಳ ಮೇಲೆ ಹೊನ್ನಾವರ ಇನ್ನೂ ಒಂದಕ್ಷರವಾಗಿ ಕೂತಿದೆ.

ಆ ಅಕ್ಷರದ ಊರಿನಲ್ಲಿ ಏನಾಗುತ್ತಿದೆ ಅಂತ ನಿಮಗೆ ಹೇಳಬೇಕು. ಕಡಲಿಲ್ಲದ ಜಿಲ್ಲೆಯ ಹುಡುಗರಿಗೆ ಬಂದರಿನ ಸಮಾಚಾರ ಯಾಕೆ ಅನ್ನಬೇಡಿ. ನಿಮಗೆ ಸಂಬಂಧ ಇದೆ. ಕೊನೆಯವರೆಗೆ ಓದಿ.

ಶರಾವತಿ ಕಡಲು ಸೇರುವ ಕಡೆ, ಹೊನ್ನಾವರದ ಎದುರು ದಂಡೆಯಲ್ಲಿ ಕಾಸರಕೋಡು ಅಂತ ಒಂದು ಊರಿದೆ. ಕಯ್ಯಾರ ಕಿಞ್ಞಣ್ಣ ರೈಗಳು ಜೀವಮಾನವೆಲ್ಲ ಯಾವುದಕ್ಕಾಗಿ ದನಿ ಎತ್ತಿದರೋ ಆ ಕಾಸರಗೋಡಲ್ಲ ಇದು. ಆ ಕಾಸರಗೋಡು ಅಂದ ತಕ್ಷಣ ನಮ್ಮ ರಕ್ತ ಕುದಿಯುತ್ತದೆ. ಕರ್ನಾಟಕದ ಒಳಗೇ ಇರುವ ಈ ಕಾಸರಕೋಡಿನ ಹೆಸರು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತೇವೆ! ಅಲ್ಲಿಯ ಟೊಂಕ ಅನ್ನುವ ಮರಳ ನಾಲಿಗೆಯ ಮೇಲೆ ಮೀನುಗಾರರ ಕೇರಿಗಳಿವೆ. ಮನೆಯಲ್ಲಿ ಕನ್ನಡ ಆಡುವವರೂ ಇದ್ದಾರೆ, ಕೊಂಕಣಿ ಆಡುವವರೂ ಇದ್ದಾರೆ. ಗಂಡಸರು ದೋಣಿಯಲ್ಲಿ, ಹೆಂಗಸರು ಅದೇ ಮರಳ ಮೇಲೆ ಮೀನು ಹರವಿ ಒಣಗಿಸುವುದರಲ್ಲಿ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಅನ್ನುವ ಕಡಲಾಮೆಗಳು ರಾತ್ರಿ ಹೊತ್ತು ದಡಕ್ಕೆ ತೆವಳಿ ಬಂದು ಅಲ್ಲೇ ಮೊಟ್ಟೆಯಿಟ್ಟು ಹೋಗುತ್ತವೆ. ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಆ ಆಮೆಗೂ ಇದೆ. ಅದೇ ಊರಿನ ಇಕೋ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು, ಮಂತ್ರಿಗಳು ಬೆನ್ನು ತಟ್ಟಿಕೊಂಡರು.

ತಮಾಷೆ ಏನು ಗೊತ್ತೆ? ಶುಚಿಯಾದ ಕಡಲತೀರ ಅಂತ ಬಾವುಟ ಹಾರಿಸಿದ ಅದೇ ಕಾಸರಕೋಡಿನ ಜಾಗವನ್ನು ಸರ್ಕಾರ 2010ರಲ್ಲೇ ಖಾಸಗಿ ಬಂದರು ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ದೊಡ್ಡ ಹಡಗು ಬರಬೇಕು, ಅದಕ್ಕೆ ನದಿಯ ಬಾಯಿ ಆಳವಾಗಬೇಕು. ಪತ್ರಿಕೆಗಳಲ್ಲಿ, ಅಧಿಕಾರಿಗಳ ಬಾಯಲ್ಲಿ ಇಂಥ ಕೆಲಸಕ್ಕೆ ಇರುವ ಹೆಸರು ಒಂದೇ: ‘ಹೂಳೆತ್ತುವುದು’.

ಇಲ್ಲೇ ಇದೆ ನೋಡಿ ಮೋಸ.

ಹೂಳೆತ್ತುವುದು ಅಂದರೆ ತುಮಕೂರು ಸೀಮೆಯವರಿಗೆ ಪುಣ್ಯದ ಕೆಲಸ. ನಿಮ್ಮ ಅಜ್ಜಂದಿರನ್ನು ಕೇಳಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿಕೊಂಡು ಹೋಗಿ ಗೋಡು ಹೊಡೆಯುತ್ತಿದ್ದರು. ಮಳೆಗೆ ಕೊಚ್ಚಿಕೊಂಡು ಬಂದ ಹೊಲದ ಮಣ್ಣು ವಾಪಸ್ಸು ಹೊಲಕ್ಕೇ ಹೋಗುತ್ತಿತ್ತು. ಕೆರೆಗೂ ಜಾಗ ಆಯಿತು, ಹೊಲಕ್ಕೂ ಗೊಬ್ಬರ ಆಯಿತು. ಬಂದದ್ದನ್ನು ಮಾತ್ರ ತೆಗೆಯುತ್ತಿದ್ದರು, ಕೆರೆಯ ತಳ ಮುಟ್ಟುತ್ತಿರಲಿಲ್ಲ. ತಳದ ಜೇಡಿ ಒಡೆದರೆ ನೀರು ನಿಲ್ಲುವುದಿಲ್ಲ ಅನ್ನುವುದು ಅಕ್ಷರ ಬಾರದ ಅವರಿಗೆ ಗೊತ್ತಿತ್ತು. ಹಾಡಿನಲ್ಲಿ ಹೆಸರಾದ ಕುಣಿಗಲ್ ದೊಡ್ಡಕೆರೆ ಇರಲಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಇರಲಿ, ನಮ್ಮ ದೊಡ್ಡ ಕೆರೆಗಳು ನೂರಾರು ವರ್ಷ ಬಾಳಿದ್ದು ಈ ಲೆಕ್ಕಾಚಾರದಲ್ಲಿ. ಆಮೇಲೆ ಜೆಸಿಬಿ ಬಂತು, ಟಿಪ್ಪರ್ ಬಂತು, ಕಂಟ್ರಾಕ್ಟರ್ ಬಂದ. ಹೂಳೆತ್ತುವ ಬಿಲ್ಲು, ತೋಡುವುದು ತಳದ ಮಣ್ಣು! ಹೂಳಿನ ಹೆಸರಿನಲ್ಲಿ ತೋಡಿದ ಗುಂಡಿಗಳಲ್ಲಿ ಈಜಲು ಹೋದ ಮಕ್ಕಳು ಮುಳುಗಿದ ಸುದ್ದಿ ನೀವು ಓದಿಲ್ಲವೇ? ಹೂಳೆತ್ತುವುದು ಬೇರೆ, ಆಳ ಬಗೆಯುವುದು ಬೇರೆ ಅಂತ ನಿಮಗೆ ನಾನು ಪಾಠ ಹೇಳಬೇಕಾಗಿಲ್ಲ.

ಬಂದರಿನಲ್ಲೂ ಇವು ಎರಡು ಕೆಲಸ. ಮಳೆಗಾಲದಲ್ಲಿ ತುಂಬಿದ ಮರಳು, ಕೆಸರನ್ನು ತೆಗೆದು ಮೊದಲಿದ್ದ ಆಳಕ್ಕೆ ತರುವುದು ಒಂದು. ಪ್ರಕೃತಿ ಕೊಟ್ಟ ತಳವನ್ನೇ ಕತ್ತರಿಸಿ, ಹಿಂದೆಂದೂ ಇಲ್ಲದ ಆಳ ಮಾಡುವುದು ಇನ್ನೊಂದು. ಕೇಂದ್ರ ಸರ್ಕಾರದ ಪರಿಸರ ಅಧಿಸೂಚನೆಗೇ ಈ ವ್ಯತ್ಯಾಸ ಗೊತ್ತಿದೆ. 2006ರ ಅಧಿಸೂಚನೆಗೆ 2009ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಹೊಸದಾಗಿ ಆಳ ಮಾಡಲು ಪರಿಸರ ಅನುಮತಿ ಬೇಕೇ ಬೇಕು. ನಿರ್ವಹಣೆಯ ಹೂಳೆತ್ತುವಿಕೆಗೆ ಮಾತ್ರ, ಅದೂ ಮೂಲ ಯೋಜನೆಯಲ್ಲಿ ಸೇರಿ ಅನುಮತಿ ಪಡೆದಿದ್ದರೆ ಮಾತ್ರ, ವಿನಾಯಿತಿ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದೆ. ಕನ್ನಡಕ್ಕೆ ಬಂದಾಗ ಎರಡೂ ‘ಹೂಳೆತ್ತುವುದು’! ಒಂದು ಪುಣ್ಯದ ಪದವನ್ನು ಕದ್ದು ಪಾಪದ ಕೆಲಸಕ್ಕೆ ಅಂಗಿ ತೊಡಿಸಿದ್ದಾರೆ. ಕನ್ನಡ ಕನ್ನಡ ಅಂತ ಬೀದಿಗೆ ಇಳಿಯುವ ನಾವು ಇದನ್ನು ಗಮನಿಸದೆ ಹೋದರೆ ಇನ್ಯಾರು ಗಮನಿಸಬೇಕು?

ಸರಿ, ಆಳ ಮಾಡಿದರೆ ಏನಾಗುತ್ತದೆ? ಸ್ವಲ್ಪ ತಾಳ್ಮೆಯಿಂದ ಕೇಳಿ.

ಕಡಲತೀರದ ಮರಳು ನಿಂತ ಮರಳಲ್ಲ. ಅಲೆಗಳು ಓರೆಯಾಗಿ ಬಡಿಯುವುದರಿಂದ ಮರಳು ದಡದ ಗುಂಟ ಸದಾ ನಡೆಯುತ್ತಲೇ ಇರುತ್ತದೆ. ಇಲ್ಲಿಂದ ಹೋದದ್ದಕ್ಕೆ ಅತ್ತಲಿಂದ ಬಂದದ್ದು ಸೇರಿ ತೀರ ಉಳಿಯುತ್ತದೆ. ಅದರ ದಾರಿಗೆ ಅಡ್ಡವಾಗಿ ಹತ್ತು ಹದಿನೈದು ಮೀಟರ್ ಆಳದ ಕಾಲುವೆ ಕತ್ತರಿಸಿದರೆ ನಡೆಯುವ ಮರಳು ಅದರೊಳಗೆ ಬೀಳುತ್ತದೆ. ಬಂದರಿನವರು ಅದನ್ನು ಹೀರಿ ದೂರ ಒಯ್ದು ಸುರಿಯುತ್ತಾರೆ. ಆಚೆಯ ದಡಕ್ಕೆ ಬರಬೇಕಾದ ಮರಳು ಬರುವುದಿಲ್ಲ, ಅಲೆ ಮಾತ್ರ ಬಿಡದೆ ಬಡಿಯುತ್ತದೆ. ಮೊದಲು ತೆಂಗಿನ ಮರ ಬೀಳುತ್ತದೆ, ಆಮೇಲೆ ಮನೆ. ಶರಾವತಿಯ ಕಥೆ ಇನ್ನೂ ಕಷ್ಟದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಘಟ್ಟದ ಮೇಲಿನ ಮಣ್ಣು-ಮರಳಿನ ದೊಡ್ಡ ಪಾಲು ಅಲ್ಲೇ ನಿಲ್ಲುತ್ತಿದೆ. ಮೇಲಿಂದ ಬರುವ ಮರಳು ಮೊದಲೇ ಕಡಿಮೆಯಾದ ನದಿಯ ಬಾಯಿಯನ್ನು ಇನ್ನೂ ಬಗೆದರೆ ಟೊಂಕದ ಮರಳ ನಾಲಿಗೆ ಯಾವುದರ ಮೇಲೆ ನಿಲ್ಲಬೇಕು?

ಎರಡನೆಯದು ಉಪ್ಪು. ಉಪ್ಪುನೀರು ಸಿಹಿನೀರಿಗಿಂತ ಭಾರ, ತಳದಲ್ಲೇ ಸರಿಯುತ್ತದೆ. ನದಿಯ ಬಾಯಲ್ಲಿ ಮರಳ ದಿಬ್ಬ ಇರುವಷ್ಟು ದಿನ ಅದು ಹೊಸಿಲಿನಂತೆ ಉಪ್ಪನ್ನು ತಡೆಯುತ್ತದೆ. ಹೊಸಿಲು ಕಿತ್ತರೆ ಉಬ್ಬರದ ಹೊತ್ತಿಗೆ ಉಪ್ಪು ಮೊದಲಿಗಿಂತ ಒಳಕ್ಕೆ ನುಗ್ಗುತ್ತದೆ. ನದಿದಂಡೆಯ ಊರುಗಳ ಬಾವಿಗೆ ಬೇಸಿಗೆಯಲ್ಲಿ ಉಪ್ಪಿನ ರುಚಿ ಬರುತ್ತದೆ. ಇದೇನು ನಿಮಗೆ ಹೊಸದೇ? ಪಾವಗಡದಲ್ಲಿ ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಸಿಕ್ಕಿದ್ದು ಫ್ಲೋರೈಡಿನ ನೀರು. ಹಲ್ಲು ಹಳದಿಯಾದ ಮಕ್ಕಳನ್ನು, ಮೂಳೆ ಸೊಟ್ಟಗಾದ ಹಿರಿಯರನ್ನು ನಿಮ್ಮ ಜಿಲ್ಲೆಯಲ್ಲೇ ನೋಡಿದ್ದೀರಿ.

ಇನ್ನು ಮೀನು. ಅಳಿವೆ ಅಂದರೆ ಮೀನಿನ ತವರುಮನೆ. ಮೊಟ್ಟೆಯಿಡುವುದು, ಮರಿ ಬೆಳೆಯುವುದು, ಬಳಚು, ಏಡಿ, ಸಿಗಡಿ ಮೇಯುವುದು ಎಲ್ಲ ಆ ಕೆಸರಿನಲ್ಲಿ. ಹೀರು ಹಡಗು ಅಂದರೆ ನೀರೊಳಗಿನ ದೈತ್ಯ ವ್ಯಾಕ್ಯೂಮ್ ಕ್ಲೀನರ್. ತಳದ ಕೆಸರು, ಅದರೊಳಗಿನ ಜೀವ, ಅಡ್ಡ ಬಂದ ಆಮೆ, ಯಾವುದನ್ನೂ ನೋಡದೆ ಹೀರಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಕಲಕಿದ ಕೆಸರು ನೀರನ್ನು ರಾಡಿ ಮಾಡಿ ಬೆಳಕು ಇಳಿಯದಂತೆ ತಡೆಯುತ್ತದೆ. ಮೆಲ್ಲಗೆ ಕೆಳಗೆ ಕೂತಾಗ ಚಿಪ್ಪುಗಳ ಉಸಿರು ಕಟ್ಟಿಸುತ್ತದೆ. ಕಾರ್ಖಾನೆಯ ವಿಷ ತಳದಲ್ಲಿ ಮಲಗಿದ್ದರೆ ಅದೂ ಎದ್ದು ಬರುತ್ತದೆ. ಹೀರಿದ್ದನ್ನು ಎಲ್ಲಿ ಸುರಿಯುತ್ತಾರೋ ಅಲ್ಲಿಯ ಮೀನಿನ ಮೇವು ಹೂತುಹೋಗುತ್ತದೆ. ಅಮೆರಿಕದ ಮಯಾಮಿ ಬಂದರನ್ನು 2013ರಿಂದ 2015ರವರೆಗೆ ಆಳ ಮಾಡಿದರು. ಕೆಸರು ಹರಡಿ ಸುತ್ತಲಿನ ಐದು ಲಕ್ಷಕ್ಕೂ ಹೆಚ್ಚು ಹವಳದ ಜೀವಗಳು ಸತ್ತವೆಂದು ವಿಜ್ಞಾನಿಗಳು 2019ರಲ್ಲಿ ಲೆಕ್ಕ ಕೊಟ್ಟರು. ಅಷ್ಟು ದುಡ್ಡು, ಅಷ್ಟು ನಿಗಾ, ಅಷ್ಟು ಕೋರ್ಟುಗಳಿರುವ ದೇಶದಲ್ಲೇ ಈ ಗತಿ.

ಎಲ್ಲಕ್ಕಿಂತ ದೊಡ್ಡ ವಿಷಯ, ಇದು ಒಂದು ಸಲ ಮಾಡಿ ಮುಗಿಸುವ ಕೆಲಸ ಅಲ್ಲವೇ ಅಲ್ಲ. ಮಂಗಳೂರಿಗೇ ಬನ್ನಿ. ಕುಣಿಗಲ್ ಗೆಳೆಯರಿಗೆ ಇದು ಹತ್ತಿರ, ಅವರ ಊರ ಪಕ್ಕದ ಹೆದ್ದಾರಿ ನೇರ ಅಲ್ಲಿಗೇ ಹೋಗುತ್ತದೆ. ಪಣಂಬೂರಿನಲ್ಲಿ ನೆಲವನ್ನೇ ತೋಡಿ ಮಾಡಿದ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರು ಅನ್ನಿಸಿಕೊಂಡಿತು. ಅಂದಿನಿಂದ ಮಳೆಗಾಲ ಕೆಸರು ತುಂಬುತ್ತದೆ, ಬಂದರು ಕಾಸು ಕೊಟ್ಟು ತೆಗೆಸುತ್ತದೆ. ಆಳ ಹೆಚ್ಚಿಸಿದಷ್ಟೂ ಕಡಲು ಕಂದಾಯ ಹೆಚ್ಚಿಸುತ್ತದೆ. ಈ ಕೆಲಸಕ್ಕೆ ಬರುವ ಹಡಗುಗಳೇ ಒಮ್ಮೊಮ್ಮೆ ಪೀಡೆಯಾಗುವುದುಂಟು. 2019ರ ಸೆಪ್ಟೆಂಬರ್‌ನಲ್ಲಿ ‘ತ್ರಿದೇವಿ ಪ್ರೇಮ್’ ಅನ್ನುವ ಹೂಳೆತ್ತುವ ಹಡಗು ಬಂದರಿನ ಹೊರಗೆ ಮುಳುಗಿತು. ಮರುತಿಂಗಳೇ ಅದರ ಅಕ್ಕತಂಗಿಯಂತಿದ್ದ ‘ಭಗವತಿ ಪ್ರೇಮ್’ ನೀರು ನುಗ್ಗಿಸಿಕೊಂಡು ಸುರತ್ಕಲ್ ಬಳಿಯ ಗುಡ್ಡೆಕೊಪ್ಲ ತೀರಕ್ಕೆ ಬಂದು ಕೂತಿತು. ಎಣ್ಣೆ ಸೋರೀತು ಅಂತ ಮೀನುಗಾರರು ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು. ಅತ್ತ ನೇತ್ರಾವತಿಯ ಬಾಯಿಗೆ ಅಲೆತಡೆ ಗೋಡೆ ಕಟ್ಟಿದ ಮೇಲೆ ಉಳ್ಳಾಲದ ದಡ ಕರಗುತ್ತ ಹೋಯಿತು. ಅದನ್ನು ಉಳಿಸಲು ಏಷ್ಯಾ ಅಭಿವೃದ್ಧಿ ಬ್ಯಾಂಕಿನಿಂದ ಸಾಲ ತಂದು ಕಡಲಿಗೆ ಕಲ್ಲು ಸುರಿದರು. ಆ ಸಾಲ ತೀರಿಸುವ ತೆರಿಗೆಯಲ್ಲಿ ನೀವು ಗುಬ್ಬಿಯಲ್ಲಿ ಕುಡಿದ ಕಾಫಿಯ ಪಾಲೂ ಇದೆ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಹೊನ್ನಾವರದ ಮೀನುಗಾರರೇ ಎಷ್ಟೋ ವರ್ಷಗಳಿಂದ ಅಳಿವೆಯ ಹೂಳು ತೆಗೆಸಿ ಅಂತ ಅರ್ಜಿ ಕೊಡುತ್ತ ಬಂದವರು. ನದಿಯ ಬಾಯಲ್ಲಿ ಮರಳು ತುಂಬಿ ದೋಣಿ ಮಗುಚಿ ಜೀವ ಹೋದದ್ದಿದೆ. ಹಾಗಾದರೆ ಬಂದರು ಬಂದರೆ ಅವರಿಗೂ ಅನುಕೂಲವಲ್ಲವೇ ಅಂತ ಬಂದರಿನ ವಕೀಲರು ಬಾಯಿ ಮುಚ್ಚಿಸಲು ನೋಡುತ್ತಾರೆ. ಮೀನುಗಾರನ ಬೋಟಿಗೆ ಮೂರು ಮೀಟರ್ ಸುತ್ತಮುತ್ತ ನೀರು ಸಾಕು. ದೊಡ್ಡ ಅದಿರು ಹಡಗಿಗೆ ಹದಿನೈದು ಹದಿನೆಂಟು ಮೀಟರ್ ಬೇಕು, ಅಂದರೆ ಐದಂತಸ್ತಿನ ಮನೆ ಮುಳುಗುವಷ್ಟು. ಮೀನುಗಾರ ಕೇಳಿದ್ದು ಗೋಡು ಹೊಡೆಯಿರಿ ಅಂತ. ಆ ಅರ್ಜಿಯನ್ನೇ ತೋರಿಸಿ ಇವರು ಕೆರೆಯನ್ನೇ ಮಾರಲು ಹೊರಟರೆ?

ಹೊನ್ನಾವರಕ್ಕೆ ಬಂದರು ಹೊಸದೂ ಅಲ್ಲ. 14ನೇ ಶತಮಾನದಲ್ಲಿ ಇಬ್ನ್ ಬತೂತ ಅಲ್ಲಿಗೆ ಬಂದಿದ್ದ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸಿಗಾಗಿ ಪೋರ್ಚುಗೀಸರು ಬಾಯಿಬಿಡುತ್ತಿದ್ದರು, ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಹಡಗು ನದಿಗೆ ಹೊಂದಿಕೊಂಡಿತ್ತು ಆಗ. ಈಗ ಹಡಗಿಗೆ ನದಿ ಹೊಂದಿಕೊಳ್ಳಬೇಕಂತೆ.

ಇದನ್ನು ಬೇಡ ಅಂದದ್ದಕ್ಕೆ ಕಾಸರಕೋಡಿನ ಜನ ಪಟ್ಟ ಪಾಡು ಒಂದೆರಡಲ್ಲ. 2021ರಲ್ಲಿ, 2022ರಲ್ಲಿ, 2024ರಲ್ಲಿ ಪೊಲೀಸರ ಎದುರು ನಿಂತರು, ಬಂಧನವಾದರು, ಕೇಸು ಹಾಕಿಸಿಕೊಂಡರು. 2025ರ ಫೆಬ್ರವರಿಯಲ್ಲಿ ಬಂದರಿನ ರಸ್ತೆಗಾಗಿ ಸರ್ವೆ ಮಾಡಲು ನಿಷೇಧಾಜ್ಞೆ ಹೇರಿ ಪೊಲೀಸರನ್ನು ತಂದು ನಿಲ್ಲಿಸಿದರು. ಮುಂದೆ ನಿಂತವರು ಮೀನು ಒಣಗಿಸುವ ಹೆಂಗಸರು. ಕಾರವಾರದಲ್ಲಿ 2020ರ ಜನವರಿಯಲ್ಲಿ ಠಾಗೋರ್ ಕಡಲತೀರದ ಮೇಲೆ ಬಂದರು ವಿಸ್ತರಣೆಯ ಕಲ್ಲು ಬಿದ್ದಾಗ ಊರಿಗೆ ಊರೇ ಬಂದ್ ಆಯಿತು, ಹೈಕೋರ್ಟು ತಡೆ ಕೊಟ್ಟಿತು. ಅಂಕೋಲಾದ ಕೇಣಿಯಲ್ಲಿ 4,119 ಕೋಟಿ ರೂಪಾಯಿಯ ಆಳಸಮುದ್ರ ಬಂದರನ್ನು 2023ರಲ್ಲಿ ಖಾಸಗಿಯವರಿಗೆ ವಹಿಸಿದರು. 2025ರ ಆಗಸ್ಟ್‌ನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದಾಗ ಸಾವಿರಾರು ಜನ ಬಂದು ಬೇಡ ಅಂದರು. ಈ ಮೂರು ಊರುಗಳ ಹೋರಾಟಕ್ಕೆ ಬಯಲುಸೀಮೆಯಿಂದ ಹೋದ ಕನ್ನಡ ಬಾವುಟ ಎಷ್ಟು? ನಾನೇ ಹೋಗಿರಲಿಲ್ಲ, ನಿಮ್ಮನ್ನೇನು ಬಯ್ಯಲಿ!

ವಸಂತನರಸಾಪುರದಲ್ಲಿ ಕೆಲಸಕ್ಕೆ ಹೋಗುವ ಗೆಳೆಯರು ಕೇಳಬಹುದು: ನಮ್ಮ ಫ್ಯಾಕ್ಟರಿ ಮಾಲು ಹೊರದೇಶಕ್ಕೆ ಹೋಗುವುದು ಬೇಡವೇ? ಬೇಕು. ಅದಕ್ಕೆ ನವಮಂಗಳೂರು ಇದೆ, ಅಲ್ಲಿಯ ರೈಲು, ರಸ್ತೆ ಸರಿ ಮಾಡಿ ಅಂತ ಕೇಳೋಣ, ಶಿರಾಡಿ ಘಾಟಿಯಲ್ಲಿ ಪ್ರತಿ ಮಳೆಗಾಲ ಲಾರಿ ಸಾಲುಗಟ್ಟುವುದನ್ನು ತಪ್ಪಿಸಿ ಅಂತ ಕೇಳೋಣ. ಇದ್ದ ಬಂದರಿಗೆ ದಾರಿ ಮಾಡದವರು ತಾಲ್ಲೂಕಿಗೊಂದು ಬಂದರು ತೋಡಲು ಅವಸರ ಪಡುವುದು ಯಾರ ಮಾಲಿಗಾಗಿ? ಕೇಣಿಯ ಯೋಜನೆಯಲ್ಲಿ ಮುಖ್ಯವಾಗಿ ಇರುವುದು ಕಲ್ಲಿದ್ದಲು, ಅದಿರಿನಂಥ ಸರಕು. ಅದಿರು ಅಂದಕೂಡಲೇ ನಿಮ್ಮ ಕಿವಿ ನೆಟ್ಟಗಾಗಬೇಕು. ಚಿಕ್ಕನಾಯಕನಹಳ್ಳಿ, ಗುಬ್ಬಿ ಸೀಮೆಯ ಗುಡ್ಡಗಳು ಲಾರಿ ಹತ್ತಿ ಘಟ್ಟ ಇಳಿದ ದಿನಗಳು ನೆನಪಿವೆಯೇ? ನೀವು ಆಗ ಶಾಲೆಯಲ್ಲಿದ್ದಿರಿ, ಅಪ್ಪನನ್ನು ಕೇಳಿ. ರಸ್ತೆಯ ಧೂಳು, ತೆಂಗಿನ ಗರಿಯ ಮೇಲೆ ಕೂತ ಕೆಂಪು, ರಾತ್ರಿಯೆಲ್ಲ ಲಾರಿ. ಬಳ್ಳಾರಿ ಹಿಂದೆಯೇ ತುಮಕೂರು, ಚಿತ್ರದುರ್ಗಗಳ ಗಣಿಗಳನ್ನೂ ಸುಪ್ರೀಂ ಕೋರ್ಟು 2011ರ ಆಗಸ್ಟ್ 26ರಂದು ನಿಲ್ಲಿಸಬೇಕಾಯಿತು. 2010ರಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರೇ ಬೇಲೆಕೇರಿ ಬಂದರಿನಿಂದ ಮಾಯವಾಯಿತಲ್ಲ, ಆ ಬೇಲೆಕೇರಿ ಇರುವುದೂ ಕೇಣಿ ಇರುವ ಅಂಕೋಲಾ ತಾಲ್ಲೂಕಿನಲ್ಲೇ. ಗುಡ್ಡ ಬಗೆಯುವುದು, ಕಡಲ ತಳ ಬಗೆಯುವುದು ಒಂದೇ ವ್ಯಾಪಾರದ ಎರಡು ತುದಿ. ಮೇಲಿನ ತುದಿಯಲ್ಲಿ ಇರುವವರು ನೀವು.

ಬಂದರಿನಲ್ಲಿ ಕನ್ನಡಿಗರಿಗೇ ಕೆಲಸ ಕೊಡಿ ಅಂತ ನಾವು ಬೇಡಿಕೆ ಇಡುತ್ತೇವೆ. ಸರೋಜಿನಿ ಮಹಿಷಿ ವರದಿ ಕೈಯಲ್ಲಿ ಹಿಡಿದು ಕೂಗುವುದೂ ನ್ಯಾಯವೇ. ಆದರೆ ಕ್ರೇನು ಕನ್ವೇಯರುಗಳ ಬಂದರಿನಲ್ಲಿ ಗೇಟು ಕಾಯುವ ಕೆಲಸ ಗಿಟ್ಟಿಸಲು, ಈಗಾಗಲೇ ಸ್ವಂತ ದುಡಿಮೆಯಲ್ಲಿ ಇರುವ ಕನ್ನಡಿಗರ ಕೆಲಸ ಕಳೆಯುವುದು ಯಾವ ಲೆಕ್ಕ?

ಈಗ ನಮ್ಮ ಮನೆಯ ಮಾತಿಗೆ ಬರೋಣ, ಅಂದರೆ ಭಾಷೆಗೆ. ಬಂದರು ಮಾಡುವ ಮೊದಲು ಪರಿಸರ ಪರಿಣಾಮದ ವರದಿ ಮಾಡಿಸಬೇಕು. ಮರಳು ಎತ್ತ ಹೋಗುತ್ತದೆ, ಉಪ್ಪು ಎಷ್ಟು ದೂರ ಏರುತ್ತದೆ, ಬಗೆದ ಮಣ್ಣು ಎಲ್ಲಿ ಸುರಿಯುತ್ತಾರೆ, ಎಲ್ಲ ಅದರಲ್ಲಿ ಇರಬೇಕು. ನೂರಾರು ಪುಟದ ಈ ವರದಿ ಇಂಗ್ಲಿಷಿನಲ್ಲಿ ಇರುತ್ತದೆ. ಸ್ಥಳೀಯ ಭಾಷೆಯಲ್ಲಿ ಸಾರಾಂಶ ಕೊಟ್ಟರೆ ಸಾಕು ಅನ್ನುತ್ತದೆ 2006ರ ಅಧಿಸೂಚನೆ. ಸಾರಾಂಶ! ಮದುವೆಯ ಊಟ ಯಾರಿಗೋ, ಎಲೆ ಎತ್ತುವುದು ನಮಗೆ. ಆ ಸಾರಾಂಶದಲ್ಲೂ ‘ಹೂಳೆತ್ತಲಾಗುವುದು’ ಅಂತ ಒಂದು ಸಾಲು ಬರೆದು ಕೈ ತೊಳೆದರೆ ಮೀನುಗಾರ ಹೆಂಗಸಿಗೆ ಏನು ತಿಳಿಯಬೇಕು? ತನ್ನ ಅರ್ಜಿಗೆ ಕೊನೆಗೂ ಸರ್ಕಾರ ಓಗೊಟ್ಟಿತು ಅಂದುಕೊಳ್ಳುತ್ತಾಳೆ ಪಾಪ. ಗುಬ್ಬಿ ವೀರಣ್ಣನವರ ಊರಿನವರಿಗೆ ನಾಟಕ ಯಾವುದು, ನಿಜ ಯಾವುದು ಅಂತ ಬಿಡಿಸಿ ಹೇಳಬೇಕೇ?

2020ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಈ ಅಧಿಸೂಚನೆಯನ್ನೇ ಬದಲಿಸುವ ಕರಡನ್ನು ಕೇಂದ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಹೊರಡಿಸಿ ಆಕ್ಷೇಪಣೆ ಕೇಳಿತು. ಕನ್ನಡದವನಿಗೆ ಆಕ್ಷೇಪಣೆ ಇರುವುದೇ ಇಲ್ಲವಲ್ಲ! ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಅಂತ ದೆಹಲಿ ಹೈಕೋರ್ಟು ಆ ಜೂನ್ 30ರಂದು ಆದೇಶಿಸಿತು. ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆಯಿತು. ಕೇಂದ್ರ ಅನುವಾದ ಮಾಡಿಸುವ ಬದಲು ಸುಪ್ರೀಂ ಕೋರ್ಟಿಗೆ ಓಡಿತು. ಬ್ಯಾಂಕಿನ ಚಲನ್ ಕನ್ನಡದಲ್ಲಿ ಇಲ್ಲ ಅಂತ ಮ್ಯಾನೇಜರನ ಮೇಜಿನ ಮುಂದೆ ಕೂರುವ ನಾವು, ಒಂದು ನದಿಯ ಹಣೆಬರಹ ಕನ್ನಡದಲ್ಲಿ ಇಲ್ಲ ಅನ್ನುವುದಕ್ಕೆ ಎಲ್ಲಿ ಕೂತೆವು?

ನೀವು ಹೊನ್ನಾವರಕ್ಕೆ ಹೋಗಬೇಕಾಗಿಲ್ಲ, ಹೋದರೆ ಇನ್ನೂ ಒಳ್ಳೆಯದು. ಅಹವಾಲು ಸಭೆಯ ನೋಟಿಸು ಪತ್ರಿಕೆಯಲ್ಲಿ ಕನಿಷ್ಠ 30 ದಿನ ಮೊದಲು ಬರಬೇಕು. ಸಭೆಗೆ ಹೋಗಲಾಗದವರು, ಪರಿಸರದ ಬಗ್ಗೆ ಕಾಳಜಿ ಇರುವ ಬೇರೆ ಊರಿನವರು ಲಿಖಿತವಾಗಿ ಆಕ್ಷೇಪಣೆ ಕಳಿಸಬಹುದು, ಕನ್ನಡದಲ್ಲೇ. ಅದಕ್ಕೂ ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ವಿಳಾಸ ಕರ್ನಾಟಕ ಜಲಸಾರಿಗೆ ಮಂಡಳಿಯ ಸಾರ್ವಜನಿಕ ಮಾಹಿತಿ ಅಧಿಕಾರಿ. 30 ದಿನದಲ್ಲಿ ಉತ್ತರ ಬರಬೇಕು. ಗುಬ್ಬಿಯಿಂದ ಹತ್ತು, ಕುಣಿಗಲ್‌ನಿಂದ ಹತ್ತು, ತುಮಕೂರಿನ ಹಾಸ್ಟೆಲುಗಳಿಂದ ನೂರು ಹೋಗಲಿ. ಪ್ರಶ್ನೆ ಹೀಗೆ ಬರೆಯಿರಿ:

‘ಶರಾವತಿ ಅಳಿವೆಯಲ್ಲಿ ಈಗಿರುವ ಆಳ ಎಷ್ಟು ಮೀಟರ್? ಬಂದರಿಗಾಗಿ ಎಷ್ಟು ಮೀಟರ್‌ಗೆ ಇಳಿಸುತ್ತೀರಿ? ಇದರಲ್ಲಿ ತುಂಬಿದ ಹೂಳು ಎಷ್ಟು, ಹೊಸದಾಗಿ ಬಗೆಯುವ ತಳ ಎಷ್ಟು? ಬಗೆದದ್ದನ್ನು ಎಲ್ಲಿ ಸುರಿಯುತ್ತೀರಿ? ಪೂರ್ತಿ ವರದಿಯ ಕನ್ನಡ ಪ್ರತಿ ಕೊಡಿ.’